ಊರಿಗೊಬ್ಬರಿರುವ ಕಂಪನಿಯನ್ನು ನಡೆಸುವುದು ಹೇಗೆ

1962ರಲ್ಲಿ ಬ್ರಿಟನ್ನಿನ ಸ್ಟೆಫನಿ ಶರ್ಲಿ ಆರು ಪೌಂಡ್ ಬಂಡವಾಳ ಹಾಕಿ, ಮನೆಯ ಊಟದ ಮೇಜಿನ ಮೇಲೆ ಒಂದು ಸಾಫ್ಟ್‌ವೇರ್ ಕಂಪನಿ ಶುರುಮಾಡಿದರು. ಕೆಲಸಕ್ಕೆ ಸೇರಿದವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಮದುವೆ, ಮಕ್ಕಳು ಅಂತ ಕೆಲಸ ಬಿಡಬೇಕಾಗಿ ಬಂದಿದ್ದ ಪ್ರೋಗ್ರಾಮರ್‌ಗಳು ತಂತಮ್ಮ ಮನೆಯಲ್ಲೇ ಕೂತು ಕೋಡ್ ಬರೆದರು. ಗ್ರಾಹಕರ ಫೋನ್ ಬಂದಾಗ ಮಗುವಿನ ಅಳು ಆ ಕಡೆಗೆ ಕೇಳಬಾರದೆಂದು ಶರ್ಲಿ ಟೈಪ್‌ರೈಟರ್ ಸದ್ದಿನ ಟೇಪ್ ಹಾಕುತ್ತಿದ್ದರಂತೆ. ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆದದ್ದು ಇದೇ ಕಂಪನಿ.

ಆಗ ವಿಡಿಯೋ ಕಾಲ್ ಇರಲಿಲ್ಲ, ಚಾಟ್ ಇರಲಿಲ್ಲ. ಹಾಗಾಗಿ ಇಂಥ ಕಂಪನಿ ನಡೆಸಲು ಯಾವ ಆ್ಯಪ್ ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಶರ್ಲಿಯವರ ಕಥೆ ಹೇಳಿ ಸುಮ್ಮನಾಗುತ್ತೇನೆ. ಆ್ಯಪ್ ಕೊನೆಯ ವಿಷಯ.

ಮೊದಲ ವಿಷಯ ಬೇರೆಯೇ ಇದೆ. ಆಫೀಸು ನಮಗೆ ಗೊತ್ತಿಲ್ಲದೆ ಎಷ್ಟೋ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿರುತ್ತದೆ. ಪಕ್ಕದ ಮೇಜಿನವರ ಮಾತು ಕಿವಿಗೆ ಬೀಳುತ್ತದೆ. ಯಾರಿಗೋ ತಲೆ ಕೆಟ್ಟಿದೆ ಅನ್ನುವುದು ಅವರು ಕುರ್ಚಿ ಎಳೆಯುವ ರೀತಿಯಲ್ಲೇ ತಿಳಿಯುತ್ತದೆ. ಹೊಸಬರು ಹಳಬರನ್ನು ನೋಡಿ ನೋಡಿಯೇ ಕಲಿಯುತ್ತಾರೆ. ಗೋಡೆ ಹೋದ ದಿನ ಇದೆಲ್ಲವೂ ಹೋಗುತ್ತದೆ. ಅದರ ಬದಲಿಗೆ ಬೇರೇನನ್ನಾದರೂ ಕಟ್ಟದಿದ್ದರೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಆರು ತಿಂಗಳಲ್ಲಿ ಕಂಪನಿ ದಿಕ್ಕಿಗೊಂದು ಪಾಲಾಗುತ್ತದೆ. ಆ ಬದಲಿ ವಸ್ತು, ನನ್ನ ಅನುಭವದಲ್ಲಿ, ಬರಹ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಸುತ್ತಿ ಸುಳಿದು ಅಲ್ಲಿಗೇ ಬರುತ್ತವೆ.

ನಮ್ಮದು ಹದಿನಾಲ್ಕು ಜನರ ಕಂಪನಿ. ಎಂಟು ವರ್ಷದಲ್ಲಿ ಒಂದು ದಿನವೂ ಆಫೀಸು ಇರಲಿಲ್ಲ. ಇಲ್ಲಿರುವುದರಲ್ಲಿ ಅರ್ಧ ನಾವು ತಪ್ಪು ಮಾಡಿ ಕಲಿತದ್ದು.

ಹೆಜ್ಜೆ 1: ಅರ್ಧಂಬರ್ಧ ಬೇಡ

ಹತ್ತು ಜನ ಆಫೀಸಿನಲ್ಲಿ, ನಾಲ್ಕು ಜನ ದೂರದಲ್ಲಿ. ನಡೆಸಲು ಅತಿ ಕಷ್ಟದ ಏರ್ಪಾಡು ಇದು. ಆ ಹತ್ತು ಜನ ಊಟದ ಹೊತ್ತಿಗೆ ಏನೋ ಮಾತಾಡಿಕೊಂಡು ತೀರ್ಮಾನ ಮಾಡಿಬಿಡುತ್ತಾರೆ. ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ದೂರದವರಿಗೆ ಹೇಳಬೇಕು ಅನ್ನುವುದು ನೆನಪಾಗುವುದಿಲ್ಲ ಅಷ್ಟೇ. ಒಂದು ವರ್ಷ ಕಳೆಯುವುದರಲ್ಲಿ ಆ ನಾಲ್ಕು ಜನ ಎರಡನೇ ದರ್ಜೆಯವರಾಗಿರುತ್ತಾರೆ, ಎರಡನೇ ವರ್ಷ ಬೇರೆ ಕೆಲಸ ಹುಡುಕಿಕೊಂಡಿರುತ್ತಾರೆ.

ಬೆರಕೆ ಏರ್ಪಾಡು ಎಲ್ಲೂ ನಡೆಯುವುದಿಲ್ಲ ಎಂದಲ್ಲ. ಪ್ರವಾಸದ ಬುಕಿಂಗ್ ಮಾಡಿಕೊಡುವ ಟ್ರಿಪ್.ಕಾಮ್ ಕಂಪನಿಯ 1,612 ಉದ್ಯೋಗಿಗಳ ಮೇಲೆ ನಡೆದ ಪ್ರಯೋಗವೊಂದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆ ಮೂರನೇ ಒಂದರಷ್ಟು ಕಡಿಮೆಯಾಯಿತು, ಕೆಲಸದ ಗುಣಮಟ್ಟ ಕುಸಿಯಲಿಲ್ಲ. ಆದರೆ ಅಲ್ಲಿ ಮನೆಯ ದಿನ ಯಾವುದು, ಆಫೀಸಿನ ದಿನ ಯಾವುದು ಅನ್ನುವುದು ಗೊತ್ತುಮಾಡಿದ್ದಾಗಿತ್ತು, ಮಿಕ್ಕ ಮೂರು ದಿನ ಎಲ್ಲರೂ ಒಂದೆಡೆ ಸೇರುತ್ತಿದ್ದರು. ನಿಮ್ಮವರು ದೇಶಕ್ಕೊಬ್ಬರಿದ್ದರೆ ಆ ಲೆಕ್ಕ ನಿಮಗೆ ಅನ್ವಯಿಸದು.

ಆದ್ದರಿಂದ ಎರಡು ನಿಯಮ. ಮೀಟಿಂಗಿನಲ್ಲಿ ಒಬ್ಬರು ಪರದೆಯ ಮೇಲಿದ್ದರೂ ಎಲ್ಲರೂ ಅವರವರ ಲ್ಯಾಪ್‌ಟಾಪಿನಿಂದಲೇ ಸೇರಬೇಕು, ಒಂದೇ ಕೋಣೆಯಲ್ಲಿ ಮೂವರಿದ್ದರೂ ಸರಿ. ಎರಡನೆಯದು, ಯಜಮಾನರು ಎಲ್ಲಿ ಕೂರುತ್ತಾರೋ ಅದೇ ಹೆಡ್ ಆಫೀಸ್ ಆಗಿಬಿಡುತ್ತದೆ. ಹಾಗಾಗಿ ಅವರೂ ಮನೆಯಲ್ಲೇ ಕೂರಬೇಕು.

ಹೆಜ್ಜೆ 2: ಬರೆಯುವುದನ್ನು ಅಭ್ಯಾಸ ಮಾಡಿಸಿ

ನಮ್ಮ ಎರಡನೇ ವರ್ಷದ ಮಾತು. ಒಂದು ಬುಧವಾರ ನಾನು, ಡಿಸೈನರ್, ಇನ್ನೊಬ್ಬ ಪ್ರೋಗ್ರಾಮರ್ ಕಾಲ್‌ನಲ್ಲಿ ಮಾತಾಡುತ್ತಾ ಹಳೆಯ ಬಿಲ್ಲಿಂಗ್ ಪುಟವನ್ನು ತೆಗೆದೇ ಹಾಕೋಣ ಎಂದು ತೀರ್ಮಾನಿಸಿದೆವು. ಹತ್ತು ನಿಮಿಷದ ಮಾತು, ಎಲ್ಲರಿಗೂ ಖುಷಿ. ನಮಗಿಂತ ಏಳು ತಾಸು ಮುಂದಿರುವ ಊರಿನಲ್ಲಿ ಆ ಪುಟವನ್ನೇ ನೋಡಿಕೊಳ್ಳುತ್ತಿದ್ದವರು ಆಗ ನಿದ್ದೆಯಲ್ಲಿದ್ದರು. ಮುಂದಿನ ಒಂಬತ್ತು ದಿನ ಅವರು ಅದೇ ಪುಟವನ್ನು ತಿದ್ದಿ ತೀಡಿ ಚೆಂದ ಮಾಡಿದರು. ವಿಷಯ ಗೊತ್ತಾದಾಗ ಅವರು ರೇಗಲಿಲ್ಲ. "ನನಗೆ ಯಾರೂ ಹೇಳಲಿಲ್ಲವಲ್ಲ" ಎಂದರು, ಅಷ್ಟೇ. ರೇಗಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ನಮ್ಮಲ್ಲಿ ತೀರ್ಮಾನ ಚೀಟಿ ಬಂತು. ಮಾತಿನಲ್ಲಿ ಆದದ್ದು ಚೀಟಿಯಲ್ಲಿ ಬರುವವರೆಗೆ ಆಗಿಲ್ಲವೆಂದೇ ಲೆಕ್ಕ. ಚೀಟಿ ಹೀಗಿರುತ್ತದೆ:

ತೀರ್ಮಾನ: ಹಳೆಯ ಬಿಲ್ಲಿಂಗ್ ಪುಟವನ್ನು ಮಾರ್ಚ್ 31ಕ್ಕೆ ತೆಗೆಯುತ್ತೇವೆ.
ಯಾಕೆ: ಅದನ್ನು ಬಳಸುತ್ತಿರುವವರು ಬೆರಳೆಣಿಕೆಯಷ್ಟು, ದುರಸ್ತಿಗೆ ಮಾತ್ರ ವಾರಕ್ಕೊಂದು ದಿನ ಹೋಗುತ್ತಿದೆ.
ಯೋಚಿಸಿ ಬಿಟ್ಟ ದಾರಿ: ಎರಡೂ ಪುಟಗಳನ್ನು ಇಟ್ಟುಕೊಳ್ಳುವುದು. ತೆರಿಗೆಯ ಲೆಕ್ಕವನ್ನು ಎರಡು ಕಡೆ ತಿದ್ದಬೇಕಾಗುತ್ತದೆ.
ಹೊಣೆ: ಬಿಲ್ಲಿಂಗ್ ನೋಡಿಕೊಳ್ಳುವವರು.
ಆಕ್ಷೇಪವಿದ್ದರೆ: ಶುಕ್ರವಾರ 12:00 ಯುಟಿಸಿ ಒಳಗೆ ಇಲ್ಲೇ ಬರೆಯಿರಿ. ಯಾರೂ ಬರೆಯದಿದ್ದರೆ ಕೆಲಸ ಶುರು.

ಕೊನೆಯ ಸಾಲಿನಲ್ಲಿ ಚೀಟಿಯ ಜೀವ ಇದೆ (ಯುಟಿಸಿ ಎಂದರೆ ಲೋಕಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯ). ನಿದ್ದೆಯಲ್ಲಿದ್ದವರಿಗೆ ಮಾತಾಡುವ ಹಕ್ಕೂ ಸಿಕ್ಕಿತು, ಎಲ್ಲರ ಒಪ್ಪಿಗೆಗೆ ಕಾಯುತ್ತಾ ಕೂರುವುದೂ ತಪ್ಪಿತು. 'ಯೋಚಿಸಿ ಬಿಟ್ಟ ದಾರಿ' ಅನ್ನುವ ಸಾಲನ್ನು ಜನ ಮೊದಮೊದಲು ಹಾರಿಸುತ್ತಾರೆ, ಬಿಡಬೇಡಿ. ವರ್ಷದ ಮೇಲೆ ಹೊಸಬರೊಬ್ಬರು ಬಂದು "ಎರಡೂ ಇಟ್ಟುಕೊಳ್ಳಬಹುದಿತ್ತಲ್ಲ?" ಎಂದಾಗ ಅದೇ ವಾದ ಮತ್ತೆ ಶುರುವಾಗದಂತೆ ತಡೆಯುವುದು ಆ ಸಾಲು.

ಇದೇನೂ ಹೊಸದಲ್ಲ. ಇಂದಿನ ಇಂಟರ್‌ನೆಟ್ಟಿನ ನಿಯಮಗಳು ಹುಟ್ಟಿದ್ದೇ ಹೀಗೆ. ಆಗ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್ 1969ರ ಏಪ್ರಿಲ್ 7ರಂದು ಬರೆದ ಮೊದಲ ಟಿಪ್ಪಣಿಯಿಂದ ಹಿಡಿದು ಆ ಸರಣಿಗೆ 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಎಂದೇ ಹೆಸರು. ಅಪ್ಪಣೆಯ ಧಾಟಿ ಇರಬಾರದು, ಅಭಿಪ್ರಾಯ ಕೇಳುವ ಧಾಟಿ ಇರಬೇಕು ಎಂದು ಬೇಕೆಂದೇ ಇಟ್ಟ ಹೆಸರು ಅದು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಕೂತವರು ಒಟ್ಟಿಗೆ ಕೆಲಸ ಮಾಡಿದ್ದು ಆ ಟಿಪ್ಪಣಿಗಳ ಮೂಲಕ.

ಇನ್ನು ದಿನದಿನದ ಮೆಸೇಜು. ಕೆಟ್ಟ ಮೆಸೇಜು ಹೇಗಿರುತ್ತದೆಂದರೆ: "ಹಾಯ್, ಇದ್ದೀರಾ?" ಅಷ್ಟೇ. ಎಂಟು ತಾಸಿನ ಮೇಲೆ ಆ ಕಡೆಯಿಂದ "ಇದ್ದೇನೆ, ಹೇಳಿ" ಅಂತ ಬರುತ್ತದೆ. ಅಷ್ಟು ಹೊತ್ತಿಗೆ ಕೇಳಿದವರು ಮಲಗಿರುತ್ತಾರೆ. ಎರಡು ದಿನ ಹೋಯಿತು, ಇನ್ನೂ ಪ್ರಶ್ನೆಯೇ ಹುಟ್ಟಿಲ್ಲ. ಒಳ್ಳೆಯ ಮೆಸೇಜು ಓದಿದವರು ಮತ್ತೇನೂ ಕೇಳದೆ ಉತ್ತರ ಕೊಡುವಂತಿರುತ್ತದೆ: "ಪರೀಕ್ಷಾ ಸರ್ವರ್‌ಗೆ ಲಾಗಿನ್ ಆಗುತ್ತಿಲ್ಲ, ಬರುವ ದೋಷದ ಚಿತ್ರ ಕೆಳಗಿದೆ. ಪಾಸ್‌ವರ್ಡ್ ಬದಲಿಸಿ ನೋಡಿದೆ, ಆಗಲಿಲ್ಲ. ನನ್ನ ಅನುಮತಿ ಮುಗಿದಿದೆಯೇ ಎಂದು ನೋಡುವಿರಾ? ನಾಳೆ ಮಧ್ಯಾಹ್ನದೊಳಗೆ ಸಾಕು, ಅಲ್ಲಿಯವರೆಗೆ ವರದಿಯ ಕೆಲಸ ಹಿಡಿಯುತ್ತೇನೆ." ಏನಾಗಿದೆ, ಏನು ಮಾಡಿ ನೋಡಿದೆ, ಏನು ಬೇಕು, ಯಾವಾಗ ಬೇಕು, ಅಲ್ಲಿಯವರೆಗೆ ನಾನೇನು ಮಾಡುತ್ತಿರುತ್ತೇನೆ. ಈ ಐದನ್ನು ಕಲಿಸಲು ನಮಗೆ ಒಂದು ವರ್ಷ ಹಿಡಿಯಿತು, ನನಗೇ ಒಂದೂವರೆ.

ಕೇಳುವ ಜಾಗವೂ ಮುಖ್ಯ. ಕೆಲಸದ ಮಾತು ಖಾಸಗಿ ಚಾಟ್‌ಗೆ ಹೋಗಬಾರದು, ಎಲ್ಲರಿಗೂ ಕಾಣುವ ಚಾನೆಲ್‌ನಲ್ಲೇ ಆಗಬೇಕು. ಪಕ್ಕದ ಮೇಜಿನ ಮಾತು ಕಿವಿಗೆ ಬೀಳುವುದಕ್ಕೆ ಇದೇ ಬದಲಿ. ಜನ ಮತ್ತೆ ಮತ್ತೆ ಖಾಸಗಿಗೆ ಓಡುತ್ತಿದ್ದಾರೆ ಎಂದರೆ ಚಾನೆಲ್‌ನಲ್ಲಿ ದಡ್ಡ ಪ್ರಶ್ನೆ ಕೇಳಿದವರಿಗೆ ಯಾರೋ ಕೊಂಕು ನುಡಿದಿದ್ದಾರೆ ಎಂದರ್ಥ. ಆ ಯಾರೋ ನೀವೇ ಆಗಿರಬಹುದು, ಹಳೆಯ ಮೆಸೇಜುಗಳನ್ನು ಒಮ್ಮೆ ತಿರುವಿ ನೋಡಿ.

ಕಂಪನಿಯ ರೀತಿನೀತಿಯೆಲ್ಲ ಇರುವ ಹ್ಯಾಂಡ್‌ಬುಕ್ ಬರೆಯಲು ಕೂರಬೇಡಿ. ಕೂತವರು ಮುಗಿಸಿದ್ದನ್ನು ನಾನು ಕಂಡಿಲ್ಲ. ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರವನ್ನು ಚಾಟ್‌ನಲ್ಲಿ ಹೇಳದೆ ಒಂದು ಪುಟದಲ್ಲಿ ಬರೆದು ಅದರ ಲಿಂಕ್ ಕಳಿಸಿ. ಮೂರು ತಿಂಗಳಲ್ಲಿ ಹ್ಯಾಂಡ್‌ಬುಕ್ ತಾನಾಗಿ ನಿಂತಿರುತ್ತದೆ. ಮೊದಲ ದಿನವೇ ಬೇಕಾದವು ಕೆಲವೇ: ಯಾವುದನ್ನು ಯಾರು ತೀರ್ಮಾನಿಸುತ್ತಾರೆ, ರಜೆ ಹೇಗೆ ಹಾಕುವುದು, ಸಂಬಳ ಯಾವತ್ತು, ಖರ್ಚಿನ ಹಣ ಹೇಗೆ ವಾಪಸ್, ಚಾಟ್‌ಗೆ ಎಷ್ಟು ಹೊತ್ತಿನೊಳಗೆ ಉತ್ತರ ನಿರೀಕ್ಷೆ, ನಿಜವಾದ ತುರ್ತಿಗೆ ಯಾರಿಗೆ ಫೋನ್ ಮಾಡುವುದು. ಪ್ರತಿ ಪುಟದ ತಲೆಯಲ್ಲಿ ಅದರ ಹೊಣೆ ಹೊತ್ತವರ ಹೆಸರು, ಕೊನೆಯದಾಗಿ ಪರಿಶೀಲಿಸಿದ ತಾರೀಖು ಇರಲಿ. ಎಲ್ಲರೂ ದೂರದಿಂದಲೇ ಕೆಲಸ ಮಾಡುವ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಹ್ಯಾಂಡ್‌ಬುಕ್ ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್ಟಿನಲ್ಲೇ ಇದೆ. ಓದಿ, ನಕಲು ಮಾತ್ರ ಮಾಡಬೇಡಿ. ಅವರ ಸಾವಿರಾರು ಪುಟ ಅವರ ಜಗಳಗಳಿಂದ ಹುಟ್ಟಿದ್ದು, ನಿಮ್ಮ ಜಗಳ ಬೇರೆ.

ಹೆಜ್ಜೆ 3: ಗಡಿಯಾರವನ್ನು ಪಳಗಿಸಿ

ಭೂಮಿಯ ಗಡಿಯಾರಗಳು ಯುಟಿಸಿಗಿಂತ 12 ತಾಸು ಹಿಂದಿನಿಂದ 14 ತಾಸು ಮುಂದಿನವರೆಗೆ ಹರಡಿವೆ. ಅಂದರೆ 24 ತಾಸಿನ ದಿನದಲ್ಲಿ 26 ತಾಸಿನ ಅಂತರ! ಇದರಲ್ಲಿ ಯಾರನ್ನು ಯಾರ ಜೊತೆ ಹಾಕುತ್ತೀರಿ ಅನ್ನುವುದೇ ನಿಮ್ಮ ಅರ್ಧ ಆಡಳಿತ.

ದಿನವೂ ಮಾತಾಡಬೇಕಾದವರ ಕೆಲಸದ ಹೊತ್ತು ಕನಿಷ್ಠ ಮೂರು ನಾಲ್ಕು ತಾಸು ಒಂದರ ಮೇಲೊಂದು ಬರುವಂತೆ ಟೀಮ್ ಕಟ್ಟಿ. ಉಳಿದವರ ನಡುವೆ ಬರಹ ಸಾಕು. ಇದಕ್ಕೆ ಕೆಲಸವನ್ನು ಹಂಚುವ ರೀತಿಯೂ ಬದಲಾಗಬೇಕು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯವರು ಪರಸ್ಪರ ಮಾತಾಡುವ ರೀತಿಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಹತ್ತು ತಾಸು ದೂರವಿರುವ ಇಬ್ಬರಿಗೆ ಒಂದೇ ಕೆಲಸವನ್ನು ಅರ್ಧರ್ಧ ಕೊಟ್ಟರೆ ಆ ಹತ್ತು ತಾಸಿನ ಬಿರುಕು ಕೆಲಸದಲ್ಲೂ ಕಾಣುತ್ತದೆ. ಒಂದು ಇಡೀ ಭಾಗವನ್ನು ಒಂದು ಕಡೆಯವರಿಗೇ ಕೊಟ್ಟುಬಿಡಿ.

ಬೆಸೆಯಲಾಗದ ಹೊತ್ತಿನ ಹೊರೆ ಸದಾ ಒಬ್ಬರ ಮೇಲೇ ಬೀಳಬಾರದು. ನಮ್ಮ ತಿಂಗಳ ಮೀಟಿಂಗ್ ಒಂದು ಸಲ ಇವರ ರಾತ್ರಿ, ಇನ್ನೊಂದು ಸಲ ಅವರ ರಾತ್ರಿ. ಸಂಜೆ ಕೆಲಸ ನಿಲ್ಲಿಸುವವರು ಮೂರು ಸಾಲು ಬರೆದು ಏಳುತ್ತಾರೆ: ಎಲ್ಲಿಗೆ ಬಂದಿದೆ, ಎಲ್ಲಿ ಸಿಕ್ಕಿಕೊಂಡಿದೆ, ನಿಮ್ಮಿಂದ ಏನು ಬೇಕು. ಚೆನ್ನಾಗಿ ಬರೆದರೆ ರಾತ್ರಿಯೆಲ್ಲ ಕೆಲಸ ನಡೆದಿರುತ್ತದೆ.

ಹೊತ್ತನ್ನು ಯುಟಿಸಿಯಲ್ಲಿ ಬರೆಯಿರಿ, ತಾರೀಖನ್ನು 2025-04-03 ಎಂದು ವರ್ಷ-ತಿಂಗಳು-ದಿನದ ಕ್ರಮದಲ್ಲಿ ಬರೆಯಿರಿ. ಬರೀ 04/03 ಎಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. 'ನಾಳೆ' ಅನ್ನುವ ಪದವನ್ನೂ ಹುಷಾರಾಗಿ ಬಳಸಿ. ಮಾರ್ಚ್ ತಿಂಗಳಂತೂ ದೊಡ್ಡ ತಲೆನೋವು. ಅಮೆರಿಕ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತದೆ, ಯುರೋಪು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಐದರ ಬದಲು ನಾಲ್ಕೇ ತಾಸು. ದಕ್ಷಿಣ ಗೋಳದಲ್ಲಿ ಇದೆಲ್ಲ ತಿರುವುಮುರುವು, ಜಪಾನಿನಂಥ ದೇಶಗಳಲ್ಲಿ ಈ ಪದ್ಧತಿಯೇ ಇಲ್ಲ. ಆ ವಾರಗಳಲ್ಲಿ ಯಾರಾದರೂ ಮೀಟಿಂಗ್ ತಪ್ಪಿಸಿಕೊಂಡರೆ ಏನೂ ಅನ್ನಬೇಡಿ.

ಹೆಜ್ಜೆ 4: ಮೀಟಿಂಗ್

ಕಡಿಮೆ ಮಾಡಿ. ಸುದ್ದಿ ತಿಳಿಸುವುದಕ್ಕೆ ಮೀಟಿಂಗ್ ಬೇಡ, ಬರೆದರೆ ಸಾಕು. ಬರಹದಲ್ಲಿ ಮೂರು ಸಲ ಹಿಂದೆ ಮುಂದೆ ಹೋಗಿಯೂ ಇತ್ಯರ್ಥವಾಗದ್ದು, ಮನಸ್ಸು ಮುರಿಯುವ ಸೂಚನೆ ಇರುವಂಥದ್ದು, ಕೆಟ್ಟ ಸುದ್ದಿ, ಇವಕ್ಕೆ ಕಾಲ್ ಬೇಕು, ತಕ್ಷಣವೇ ಬೇಕು. ಬರೆಯುವವರ ಕಂಪನಿಯಲ್ಲಿ ಜಗಳವನ್ನೂ ಬರಹದಲ್ಲೇ ಮುಂದುವರಿಸುವ ಚಟ ಬೆಳೆಯುತ್ತದೆ. ಅದು ಬಲು ಕೆಟ್ಟದ್ದು.

ಅಮೆಜಾನಿನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ, ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ಮೀಟಿಂಗಿನ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಪದ್ಧತಿ ತಂದರು. ದೂರದ ಟೀಮ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಮೊದಲ ಹತ್ತು ನಿಮಿಷ ಎಲ್ಲರೂ ಕ್ಯಾಮೆರಾ ಮುಚ್ಚಿ ಓದಿ ಅಂಚಿನಲ್ಲಿ ಟಿಪ್ಪಣಿ ಹಾಕುತ್ತಾರೆ. ಜೋರು ದನಿಯವರಿಗೂ ಮೆತ್ತಗಿನವರಿಗೂ ಆ ಅಂಚಿನಲ್ಲಿ ಜಾಗ ಒಂದೇ. ಇನ್ನು ರೆಕಾರ್ಡಿಂಗ್ ಇದೆಯಲ್ಲ ಎಂದು ಟಿಪ್ಪಣಿ ಬರೆಯದೆ ಬಿಡಬೇಡಿ. ಒಂದು ತಾಸಿನ ರೆಕಾರ್ಡಿಂಗ್ ಅನ್ನು ಯಾರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ.

ಹೆಜ್ಜೆ 5: ಜನರನ್ನು ಆರಿಸುವುದು

ಸಂದರ್ಶನದಲ್ಲಿ ಸೊಗಸಾಗಿ ಮಾತಾಡುವವರು ಬೇರೆ, ಒಬ್ಬರೇ ಕೂತು ಕೆಲಸವನ್ನು ದಡ ಮುಟ್ಟಿಸುವವರು ಬೇರೆ. ಎರಡನೆಯವರನ್ನು ಪತ್ತೆಮಾಡಲು ಸಣ್ಣದೊಂದು ನಿಜವಾದ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಿ. ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ಇಂಥ ಸಂಬಳದ ಪರೀಕ್ಷಾ ಕೆಲಸಕ್ಕೆ ಹೆಸರುವಾಸಿ. ಕೊಡುವ ಕೆಲಸದಲ್ಲಿ ಬೇಕೆಂದೇ ಒಂದು ಅಸ್ಪಷ್ಟ ಜಾಗ ಬಿಡಿ. ಅಲ್ಲಿಗೆ ಬಂದಾಗ ಕೇಳುತ್ತಾರೋ, ಸುಮ್ಮನೆ ಊಹಿಸಿ ಮುಂದೆ ಹೋಗುತ್ತಾರೋ, 'ಹೀಗೆ ಭಾವಿಸಿ ಮುಂದುವರಿದಿದ್ದೇನೆ, ತಪ್ಪಾದರೆ ಹೇಳಿ' ಎಂದು ಬರೆಯುತ್ತಾರೋ ನೋಡಿ. ನಾನು ಮೂರನೆಯವರನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಪೂರ್ತಿ ಕಣ್ಣುಮುಚ್ಚಿ ಅಲ್ಲ. ನೋ-ಬಿ-ಫೋರ್ ಎಂಬ ಭದ್ರತಾ ತರಬೇತಿ ಕಂಪನಿ 2024ರ ಜುಲೈನಲ್ಲಿ ಒಂದು ಸಂಗತಿಯನ್ನು ತಾನೇ ಬಹಿರಂಗಪಡಿಸಿತು. ನಾಲ್ಕು ವಿಡಿಯೋ ಸಂದರ್ಶನ ದಾಟಿ ಸೇರಿದ ಇಂಜಿನಿಯರ್ ನಿಜವಾಗಿ ಕದ್ದ ಗುರುತಿನ ಮೇಲೆ ಬಂದ ಉತ್ತರ ಕೊರಿಯಾದವನು. ಕಂಪನಿಯ ಲ್ಯಾಪ್‌ಟಾಪ್ ಕೈಗೆ ಸಿಕ್ಕ ಕೂಡಲೇ ಅದರೊಳಗೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ತುಂಬಲು ಹೊರಟ. ಭದ್ರತೆ ಕಲಿಸುವವರಿಗೇ ಹೀಗಾದ ಮೇಲೆ ನಮ್ಮದೇನು. ಗುರುತಿನ ಪತ್ರ ಪರಿಶೀಲಿಸಿ. ಹಿಂದಿನ ಕಂಪನಿಯವರೊಂದಿಗೆ ಮಾತಾಡಿ, ಆದರೆ ಅಭ್ಯರ್ಥಿ ಕೊಟ್ಟ ನಂಬರಿಗೆ ಬೇಡ, ನೀವೇ ಹುಡುಕಿದ ನಂಬರಿಗೆ ಮಾಡಿ. ಲ್ಯಾಪ್‌ಟಾಪನ್ನು ಗುರುತಿನ ಪತ್ರದಲ್ಲಿಲ್ಲದ ವಿಳಾಸಕ್ಕೆ ಕಳಿಸಿ ಎಂದರೆ ಅಲ್ಲೇ ನಿಲ್ಲಿಸಿ ಕಾರಣ ಕೇಳಿ.

ಸೇರಿದವರ ಮೊದಲ ವಾರ ದಿನವೂ ಒಂದು ಹೊತ್ತು ಯಾರಾದರೂ ಅವರ ಜೊತೆ ಕಾಲ್‌ನಲ್ಲಿರಲಿ. ಆ ಜೊತೆಗಾರರು ಮ್ಯಾನೇಜರ್ ಆಗಿರಬಾರದು. ಹ್ಯಾಂಡ್‌ಬುಕ್ಕಿನಲ್ಲಿ ತಪ್ಪೊಂದನ್ನು ಹುಡುಕಿ ತಿದ್ದುವುದು ನಮ್ಮಲ್ಲಿ ಹೊಸಬರ ಮೊದಲ ಕೆಲಸ. ಇವತ್ತಿನವರೆಗೂ ಯಾರೂ ಬರಿಗೈಲಿ ವಾಪಸ್ ಬಂದಿಲ್ಲ.

ಹೆಜ್ಜೆ 6: ಕಾಣದವರನ್ನು ನೋಡಿಕೊಳ್ಳುವುದು

ಕೀಲಿಮಣೆ ಎಷ್ಟು ಸಲ ಒತ್ತಿದರು ಎಂದು ಎಣಿಸುವ, ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ ಸಾಫ್ಟ್‌ವೇರ್ ಮಾರುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಕೊಳ್ಳಬೇಡಿ. ಮೌಸನ್ನು ತಾನಾಗಿ ಅಲ್ಲಾಡಿಸುವ ಯಂತ್ರವೂ ಮಾರುಕಟ್ಟೆಯಲ್ಲಿದೆ. ನೀವು ಅದನ್ನು ಕೊಂಡರೆ ಅವರು ಇದನ್ನು ಕೊಳ್ಳುತ್ತಾರೆ.

ವಾರದ ಮೊದಲ ದಿನ ಪ್ರತಿಯೊಬ್ಬರೂ ಈ ವಾರ ಮುಗಿಸುವ ಮೂರು ಕೆಲಸ ಬರೆಯಲಿ, ಕೊನೆಯ ದಿನ ಅದರ ಕೆಳಗೇ ಏನಾಯಿತೆಂದು ಬರೆಯಲಿ. ಒಂದು ವಾರ ತಪ್ಪಿದರೆ ಪ್ರಶ್ನೆಯಿಲ್ಲ. ಸಾಲಾಗಿ ಮೂರು ವಾರ ತಪ್ಪಿದರೆ ಮಾತಾಡಿ. ಬಹಳ ಸಲ ಸಮಸ್ಯೆ ಸೋಮಾರಿತನದ್ದಾಗಿರುವುದಿಲ್ಲ, ಕೆಲಸದ ಅಳತೆಯೇ ತಪ್ಪಾಗಿರುತ್ತದೆ ಅಥವಾ ಮನೆಯಲ್ಲಿ ಏನೋ ಆಗಿರುತ್ತದೆ.

ಸಿಟ್ರಿಪ್ ಎಂಬ ಹೆಸರಿದ್ದಾಗ ಇದೇ ಟ್ರಿಪ್.ಕಾಮ್ ತನ್ನ ಕಾಲ್ ಸೆಂಟರಿನಲ್ಲಿ ಸ್ಟ್ಯಾನ್‌ಫರ್ಡಿನ ನಿಕೊಲಸ್ ಬ್ಲೂಮ್ ಮತ್ತಿತರರ ಜೊತೆ ಒಂಬತ್ತು ತಿಂಗಳ ಪ್ರಯೋಗ ಮಾಡಿತ್ತು. ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು, ಬಿಟ್ಟು ಹೋಗುವವರ ಸಂಖ್ಯೆ ಅರ್ಧಕ್ಕಿಳಿಯಿತು. ಈ ಎರಡನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ವರದಿಯ ಇನ್ನೆರಡು ಮಾತು ನನಗೆ ಹೆಚ್ಚು ಮುಖ್ಯ. ಒಂದು, ಅಷ್ಟೇ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಎರಡು, ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಸುಮಾರು ಅರ್ಧದಷ್ಟು ಜನ ಆಫೀಸಿಗೇ ಮರಳಿದರು, ಒಂಟಿತನ ತಡೆಯಲಾಗದೆ.

ಬಡ್ತಿಗೆ ಮದ್ದು: ಯಾವ ಹಂತಕ್ಕೆ ಏನು ಬೇಕು ಎಂಬುದು ಬರಹದಲ್ಲಿರಲಿ, ವರ್ಷಕ್ಕೆರಡು ಸಲ ಎಲ್ಲರ ಹೆಸರನ್ನೂ ಪಟ್ಟಿ ಇಟ್ಟುಕೊಂಡೇ ನೋಡಿ. ನೆನಪಿನಿಂದ ನೋಡಿದರೆ ಚಾಟ್‌ನಲ್ಲಿ ಹೆಚ್ಚು ಮಾತಾಡುವವರೇ ಕಣ್ಣ ಮುಂದೆ ಬರುತ್ತಾರೆ.

ಒಂಟಿತನಕ್ಕೆ ಅಷ್ಟು ಸುಲಭದ ಮದ್ದಿಲ್ಲ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ತಾಸು ಒಬ್ಬರಿಗೊಬ್ಬರೇ ಮಾತಾಡಿ, ಕೆಲಸದ ಪಟ್ಟಿಯನ್ನು ಆಚೆಗಿಟ್ಟು. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೇನೆ" ಅಂತಲೇ ಬರುತ್ತದೆ. "ಈ ವಾರ ಯಾವುದಕ್ಕೆ ಸಿಟ್ಟು ಬಂತು?" ಎಂದು ಕೇಳಿ ನೋಡಿ. ನಮ್ಮಲ್ಲಿ ಒಬ್ಬರು ಯಾವಾಗಲೂ ಉದ್ದುದ್ದ ಬರೆಯುತ್ತಿದ್ದವರು ಒಂದು ತಿಂಗಳು "ಸರಿ", "ಆಯ್ತು", "ಮುಗೀತು" ಎಂದಷ್ಟೇ ಬರೆದರು. ಕೆಲಸ ಸರಿಯಾಗಿ ಬರುತ್ತಿತ್ತು, ನಾನು ಗಮನಿಸಲಿಲ್ಲ. ರಾಜೀನಾಮೆ ಪತ್ರವೂ ಒಂದೇ ಸಾಲಿನದಾಗಿತ್ತು. ಈಗ ವಾಕ್ಯ ಗಿಡ್ಡವಾದರೆ ಫೋನ್ ಮಾಡುತ್ತೇನೆ.

ಹೆಜ್ಜೆ 7: ಕಾನೂನು, ಸಂಬಳ

ಇದನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ದೇಶದಿಂದ ದೇಶಕ್ಕೆ ಬೇರೆ. ಆಯಾ ದೇಶದ ವಕೀಲರನ್ನೇ ಕೇಳಬೇಕು.

ಬೇರೆ ದೇಶದವರನ್ನು ಸೇರಿಸಿಕೊಳ್ಳಲು ಮೂರು ದಾರಿ. ಅಲ್ಲೇ ಕಂಪನಿ ನೋಂದಾಯಿಸುವುದು, ಗುತ್ತಿಗೆಯ ಮೇಲೆ ಕೆಲಸ ಕೊಡುವುದು, ಇಲ್ಲವೇ ನಿಮ್ಮ ಪರವಾಗಿ ಅಲ್ಲಿ ಕಾಗದದ ಮೇಲೆ ಮಾಲೀಕರಾಗಿದ್ದು ಸಂಬಳ, ತೆರಿಗೆ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಗೆ ತಿಂಗಳ ಶುಲ್ಕ ಕೊಡುವುದು. ಗುತ್ತಿಗೆ ಅಗ್ಗ, ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಕೆಲಸದ ಹೊತ್ತು ನೀವೇ ಗೊತ್ತುಮಾಡಿ, ನಿಮ್ಮ ಲ್ಯಾಪ್‌ಟಾಪ್ ಕೊಟ್ಟು, ಬೇರೆಯವರಿಗೆ ಕೆಲಸ ಮಾಡಬಾರದು ಎಂದರೆ ಅನೇಕ ದೇಶಗಳ ಕಾನೂನಿನ ಕಣ್ಣಿನಲ್ಲಿ ಅವರು ನಿಮ್ಮ ನೌಕರರೇ. ಹಳೆಯ ಬಾಕಿಯೆಲ್ಲ ಒಟ್ಟಿಗೆ ಬಂದು ಕೂರುತ್ತದೆ. ಅಲ್ಲಿದ್ದುಕೊಂಡೇ ಒಬ್ಬರು ನಿಮ್ಮ ಪರವಾಗಿ ಒಪ್ಪಂದ ಕುದುರಿಸುತ್ತಿದ್ದರೆ ನಿಮ್ಮ ಕಂಪನಿಗೇ ಆ ದೇಶದಲ್ಲಿ ತೆರಿಗೆ ಬೀಳಬಹುದು. ಮಾಡಿದ ಕೆಲಸದ ಹಕ್ಕು ಕಂಪನಿಗೆ ಸೇರುತ್ತದೆ ಎಂಬ ಮಾತು ಕರಾರಿನಲ್ಲಿ ಸ್ಪಷ್ಟವಾಗಿರಲಿ. ಇನ್ನು ರಾತ್ರಿ ಮೆಸೇಜು ಕಳಿಸುವ ಚಟವಿದ್ದರೆ ಇದೂ ಗೊತ್ತಿರಲಿ: ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ ಕಾನೂನಿನಲ್ಲಿದೆ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು.

ಸಂಬಳಕ್ಕೆ ಎರಡು ಪಂಥ. ಗಿಟ್‌ಲ್ಯಾಬ್ ಇರುವ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, 37ಸಿಗ್ನಲ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿ ಎಲ್ಲಿದ್ದರೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡುತ್ತದೆ. ಎರಡಕ್ಕೂ ನ್ಯಾಯದ ವಾದವಿದೆ. ಯಾವುದನ್ನೇ ಹಿಡಿಯಿರಿ, ಸೂತ್ರವನ್ನು ಬರೆದಿಡಿ. ಗುಟ್ಟಾಗಿಟ್ಟ ಸೂತ್ರ ಹೇಗೂ ಹೊರಬೀಳುತ್ತದೆ, ಬೀಳುವಾಗ ವಿಕಾರವಾಗಿ ಬೀಳುತ್ತದೆ.

ಹೆಜ್ಜೆ 8: ಬೀಗ, ಬೀಗದ ಕೈ

ಎಲ್ಲರಿಗೂ ಪಾಸ್‌ವರ್ಡ್ ಮ್ಯಾನೇಜರ್, ಎರಡು ಹಂತದ ಲಾಗಿನ್, ಡಿಸ್ಕ್ ಎನ್‌ಕ್ರಿಪ್ಟ್ ಆದ, ಅಂದರೆ ಕದ್ದವರಿಗೆ ಒಳಗಿನದನ್ನು ಓದಲಾಗದ, ಲ್ಯಾಪ್‌ಟಾಪ್. ಇದರಲ್ಲಿ ಚೌಕಾಸಿ ಇಲ್ಲ.

ಹಣದ ವಿಷಯಕ್ಕೆ ಬೇರೆಯೇ ಬೀಗ ಬೇಕು. 2024ರ ಆರಂಭದಲ್ಲಿ ಅರಪ್ ಎಂಬ ಇಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಶಾಖೆಯ ನೌಕರರೊಬ್ಬರು ಒಂದು ವಿಡಿಯೋ ಕಾಲ್‌ಗೆ ಸೇರಿದರು. ಹಿರಿಯ ಅಧಿಕಾರಿಗಳು, ಸಹೋದ್ಯೋಗಿಗಳು ಎಲ್ಲರೂ ಕಂಡರು. ಎಲ್ಲವೂ ಡೀಪ್‌ಫೇಕ್, ಕಂಪ್ಯೂಟರ್ ಸೃಷ್ಟಿಸಿದ ನಕಲಿ ಮುಖ, ನಕಲಿ ದನಿ. ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಮುಖ ನೋಡಿದೆ, ದನಿ ಕೇಳಿದೆ ಅನ್ನುವುದು ಇನ್ನು ಸಾಕ್ಷಿಯಲ್ಲ. ಹಣ ಕಳಿಸಿ ಎಂಬ ಮಾತು ಯಾವ ದಾರಿಯಲ್ಲಿ ಬಂದರೂ ನಿಮ್ಮಲ್ಲಿ ಮೊದಲೇ ಬರೆದಿಟ್ಟಿರುವ ನಂಬರಿಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು, ಇಬ್ಬರ ಸಹಿ ಇಲ್ಲದೆ ದೊಡ್ಡ ಮೊತ್ತ ಹೊರಡಬಾರದು. ನಾನೇ ಕರೆ ಮಾಡಿ "ಅರ್ಜೆಂಟು, ಈಗಲೇ ಕಳಿಸಿ" ಎಂದರೂ ಕಳಿಸಕೂಡದು ಎಂದು ನಮ್ಮ ಪುಟದಲ್ಲಿ ನಾನೇ ಬರೆದಿದ್ದೇನೆ.

ಬ್ಯಾಕಪ್ ಇದೆ ಎಂದು ನಿಶ್ಚಿಂತರಾಗಿರುವವರು ಗಿಟ್‌ಲ್ಯಾಬ್‌ನ 2017ರ ಜನವರಿ 31ರ ರಾತ್ರಿಯನ್ನು ನೆನೆಯಬೇಕು. ದಣಿದ ಇಂಜಿನಿಯರೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ಡೇಟಾಬೇಸಿನಲ್ಲಿ ಉಳಿದದ್ದು 4.5 ಜಿಬಿ. ಇದ್ದ ಐದು ಬಗೆಯ ಬ್ಯಾಕಪ್‌ಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಬೇರೆ ಉದ್ದೇಶಕ್ಕೆ ಅದೃಷ್ಟವಶಾತ್ ತೆಗೆದಿಟ್ಟಿದ್ದ ಆರು ತಾಸು ಹಳೆಯ ಪ್ರತಿಯಿಂದ ಜೀವ ಬಂತು. ನನಗೆ ಮೆಚ್ಚುಗೆಯಾದದ್ದು ಆಮೇಲಿನದು. ಅವರು ದುರಸ್ತಿಯ ಪ್ರತಿ ಹೆಜ್ಜೆಯನ್ನೂ ಲೋಕಕ್ಕೆಲ್ಲ ಕಾಣುವ ಕಡತದಲ್ಲಿ ಬರೆಯುತ್ತಾ ಹೋದರು, ತಪ್ಪನ್ನು ಒಬ್ಬರ ತಲೆಗೆ ಕಟ್ಟಲಿಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಡೇಟಾವನ್ನು ನಿಜವಾಗಿ ಹಿಂದಕ್ಕೆ ತಂದು ನೋಡಿ, ನೋಡಿದ ತಾರೀಖನ್ನು ಬರೆದಿಡಿ.

ಕೆಲಸ ಬಿಟ್ಟು ಹೋಗುವವರಿದ್ದಾಗ ಏನೇನು ಮಾಡಬೇಕು ಎಂಬ ಪಟ್ಟಿಯನ್ನು ಯಾರೂ ಹೋಗುವ ಮುಂಚೆಯೇ ಮಾಡಿ. ಯಾವ ಖಾತೆ ಮುಚ್ಚಬೇಕು, ಯಾವ ಕಡತ ಯಾರ ಹೆಸರಿಗೆ, ಲ್ಯಾಪ್‌ಟಾಪ್ ವಾಪಸ್ ಬರುವುದು ಹೇಗೆ. ಮನಸ್ತಾಪದ ದಿನ ಕೂತು ಇದನ್ನು ಯೋಚಿಸಲಾಗದು.

ಹೆಜ್ಜೆ 9: ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿ

ಆಫೀಸಿನ ಬಾಡಿಗೆ ಉಳಿಯಿತು ಎಂದು ಆ ದುಡ್ಡನ್ನು ಪೂರ್ತಿ ಜೇಬಿಗಿಳಿಸಬೇಡಿ. ಎಲ್ಲರೂ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿದಾಗ ಮೈಕ್ರೋಸಾಫ್ಟಿನ 61,182 ಉದ್ಯೋಗಿಗಳ ಒಡನಾಟದ ಮಾಹಿತಿಯನ್ನು ಅಭ್ಯಸಿಸಿದ ಸಂಶೋಧಕರು 2021ರಲ್ಲಿ ತಿಳಿಸಿದ್ದು ಇದು: ಒಂದೇ ಗುಂಪಿನೊಳಗಿನ ನಂಟು ಬಿಗಿಯಾಯಿತು, ಗುಂಪು ಗುಂಪುಗಳ ನಡುವಿನ ಸೇತುವೆಗಳು ಕಡಿಮೆಯಾದವು. ಭೇಟಿ ಇರುವುದು ಆ ಸೇತುವೆಗಾಗಿ. ಹಾಗಾಗಿ ದಿನವೂ ಜೊತೆಯಲ್ಲಿ ಕೆಲಸ ಮಾಡುವವರನ್ನು ಅಲ್ಲೂ ಒಟ್ಟಿಗೆ ಕೂರಿಸಬೇಡಿ. ಬಿಲ್ಲಿಂಗಿನವರನ್ನೂ ಡಿಸೈನಿನವರನ್ನೂ ಒಂದೇ ಮೇಜಿಗೆ ಹಾಕಿ.

ಮೊದಲ ಭೇಟಿಯಲ್ಲಿ ನಾನು ನಾಲ್ಕು ದಿನವೂ ಬೆಳಗಿನಿಂದ ಸಂಜೆವರೆಗೆ ಸ್ಲೈಡ್ ತೋರಿಸಿದೆ. ಎರಡನೇ ದಿನ ಮಧ್ಯಾಹ್ನಕ್ಕೆ ಅರ್ಧ ಜನ ಲ್ಯಾಪ್‌ಟಾಪ್ ತೆರೆದು ಎದುರಿಗೆ ಕೂತವರಿಗೇ ಚಾಟ್ ಮಾಡುತ್ತಿದ್ದರು. ಈಗ ಬೆಳಗ್ಗೆ ಮಾತ್ರ ಕೆಲಸ: ವರ್ಷವಿಡೀ ಬರಹದಲ್ಲಿ ಬಗೆಹರಿಯದೆ ಉಳಿದ ಎರಡು ಮೂರು ಗಂಟುಗಳು. ಮಧ್ಯಾಹ್ನದ ಮೇಲೆ ಪಟ್ಟಿಯಿಲ್ಲ. ಹಾಡು, ಆಟ, ಕುಣಿತಕ್ಕೆ ಯಾರನ್ನೂ ಎಳೆಯಬೇಡಿ. ಕೋಣೆಗೆ ಹೋಗಿ ಮಲಗುವವರು ಮಲಗಲಿ, ನಡೆಯಲು ಹೋಗುವವರು ಹೋಗಲಿ. ಮಗು ಚಿಕ್ಕದು, ಬರಲಾಗದು ಎನ್ನುವವರಿಗೆ ಕಾರಣ ಕೇಳಬೇಡಿ, ಅವರಿದ್ದಲ್ಲಿಗೆ ಆಮೇಲೆ ಯಾರಾದರೂ ಒಂದು ದಿನ ಹೋಗಿ ಬನ್ನಿ. ಊರಿಗೆ ಮರಳುವ ಮುಂಚೆ ಇಲ್ಲಿ ಬಾಯಿಮಾತಿನಲ್ಲಿ ಆದ ತೀರ್ಮಾನಗಳಿಗೆಲ್ಲ ಚೀಟಿ ಬರೆದು ಚಾನೆಲ್‌ಗೆ ಹಾಕಿ. ಬಾರದೆ ಉಳಿದವರಿಗೂ ಆಕ್ಷೇಪ ಹೇಳಲು ಮೂರು ದಿನ ಇರಲಿ.